ಜೆ.ಬಿ.ಎಸ್. ಹಾಲ್ಡೇನ್: ಸಾಹಿತ್ಯ ಓದಿ ತಳಿವಿಜ್ಞಾನ ಕಟ್ಟಿದವರು

ಇಪ್ಪತ್ತನೆಯ ಶತಮಾನದ ತಳಿವಿಜ್ಞಾನವನ್ನು ಗಣಿತದ ಅಡಿಪಾಯದ ಮೇಲೆ ನಿಲ್ಲಿಸಿದವರಲ್ಲಿ ಮೂವರ ಹೆಸರು ಮುಖ್ಯ. ರೊನಾಲ್ಡ್ ಫಿಷರ್, ಸೀವಾಲ್ ರೈಟ್ ಮತ್ತು ಜಾನ್ ಬರ್ಡನ್ ಸ್ಯಾಂಡರ್ಸನ್ ಹಾಲ್ಡೇನ್. ಈ ಮೂವರಲ್ಲಿ ಹಾಲ್ಡೇನರದು ಎರಡು ಕಾರಣಗಳಿಂದ ವಿಶಿಷ್ಟವಾದ ಬದುಕು. ವಿಜ್ಞಾನದಲ್ಲಿ ಅವರು ಪದವಿಯನ್ನೇ ಪಡೆದವರಲ್ಲ. ಆಕ್ಸ್‌ಫರ್ಡಿನಲ್ಲಿ ಅವರ ಕೊನೆಯ ಪರೀಕ್ಷೆ ನಡೆದದ್ದು ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳಲ್ಲಿ. ಎರಡನೆಯದಾಗಿ, ಇಂಗ್ಲೆಂಡಿನಲ್ಲಿ, ಶ್ರೀಮಂತ ಮನೆತನವೊಂದರಲ್ಲಿ ಹುಟ್ಟಿದ ಅವರು ಭಾರತದ ಪ್ರಜೆಯಾಗಿ, ಭುವನೇಶ್ವರದಲ್ಲಿ ಕೊನೆಯುಸಿರೆಳೆದರು. ಭಾಷೆ ಮತ್ತು ಸಾಹಿತ್ಯವನ್ನು ಐಚ್ಛಿಕವಾಗಿ ಓದುವವರಿಗೆ ಅವರ ಜೀವನದಲ್ಲಿ ತಿಳಿಯಬೇಕಾದದ್ದು ಬಹಳವಿದೆ. ಹೊಸೂರಿನಿಂದ ಧರ್ಮಪುರಿ, ಸೇಲಂವರೆಗಿನ ಮನೆಗಳ ಮದುವೆಯ ಮಾತುಕತೆಗೂ ಅವರ ವಿಚಾರಕ್ಕೂ ಒಂದು ನೇರ ಸಂಬಂಧವಿದೆ.

ಬಾಲ್ಯ ಮತ್ತು ತಂದೆಯ ಪ್ರಯೋಗಶಾಲೆ

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಆಕ್ಸ್‌ಫರ್ಡಿನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಶರೀರಕ್ರಿಯೆಯನ್ನು ಬಗೆಹರಿಸಿದ ಮಹಾ ವಿಜ್ಞಾನಿ. ಓಡಿದಾಗ, ಭಾರ ಹೊತ್ತಾಗ, ಬೆಟ್ಟ ಹತ್ತಿದಾಗ ಏದುಸಿರು ಬರುವುದಕ್ಕೆ ಆಮ್ಲಜನಕದ ಕೊರತೆಯೇ ಕಾರಣವೆಂದು ಜನ ತಿಳಿದಿದ್ದ ಕಾಲದಲ್ಲಿ, ರಕ್ತದಲ್ಲಿ ಕೂಡಿಕೊಳ್ಳುವ ಇಂಗಾಲದ ಡೈ ಆಕ್ಸೈಡೇ ಉಸಿರಾಟದ ವೇಗವನ್ನು ನಿಯಂತ್ರಿಸುತ್ತದೆಂದು 1905ರಲ್ಲಿ ಪ್ರೀಸ್ಟ್ಲಿ ಎಂಬ ಸಹೋದ್ಯೋಗಿಯೊಡನೆ ತೋರಿಸಿಕೊಟ್ಟವರು ಅವರು. ಗಣಿಗಳಲ್ಲಿ ಸಾಯುವ ಕಾರ್ಮಿಕರ ಪ್ರಾಣ ಉಳಿಸುವುದು ಅವರ ಜೀವಮಾನದ ಕಾಳಜಿಯಾಗಿತ್ತು. ಪ್ರಯೋಗಕ್ಕೆ ತಮ್ಮ ದೇಹವನ್ನೇ ಒಡ್ಡುತ್ತಿದ್ದರು; ಮಗನನ್ನೂ ಅದರಿಂದ ದೂರವಿಡಲಿಲ್ಲ.

ಒಮ್ಮೆ ಅವರು ಬಾಲಕನನ್ನು ಕಲ್ಲಿದ್ದಲ ಗಣಿಯೊಂದಕ್ಕೆ ಕರೆದೊಯ್ದರು. ಮೀಥೇನ್ ಅನಿಲ ಗಾಳಿಗಿಂತ ಹಗುರ. ಅದು ಸುರಂಗದ ಮಾಡಿಗೆ ಒತ್ತಿಕೊಂಡಿರುತ್ತದೆ. ಎದ್ದುನಿಂತು ಷೇಕ್ಸ್‌ಪಿಯರನ ನಾಟಕದಿಂದ ಆಂಟನಿಯ ಭಾಷಣವನ್ನು ಹೇಳುವಂತೆ ತಂದೆ ಮಗನಿಗೆ ಸೂಚಿಸಿದರು. ಕೆಲವು ಸಾಲುಗಳಾಗುವಷ್ಟರಲ್ಲಿ ಹುಡುಗನ ಕಾಲು ಕುಸಿಯಿತು. ನೆಲಕ್ಕೆ ಬಿದ್ದೊಡನೆ ಉಸಿರು ಸರಿಯಾಯಿತು. ಅನಿಲ ಎಲ್ಲಿರುತ್ತದೆ, ಎಲ್ಲಿರುವುದಿಲ್ಲ ಎಂಬುದನ್ನು ಆ ಹುಡುಗ ಮುಂದೆಂದೂ ಮರೆಯಲಿಲ್ಲ. ಪದ್ಯವೂ ಪ್ರಯೋಗವೂ ಒಂದೇ ಪಾಠದಲ್ಲಿ ಬೆರೆತುಕೊಂಡ ಈ ಪ್ರಸಂಗ ಅವರ ಮುಂದಿನ ಬದುಕಿಗೆಲ್ಲ ಮುನ್ನುಡಿಯಂತಿದೆ.

1901ರಲ್ಲಿ, ಇನ್ನೂ ಒಂಬತ್ತು ತುಂಬುವ ಮುಂಚೆ, ಆಗಷ್ಟೇ ಮತ್ತೆ ಬೆಳಕಿಗೆ ಬಂದಿದ್ದ ಮೆಂಡೆಲನ ನಿಯಮಗಳ ಬಗೆಗಿನ ಉಪನ್ಯಾಸವನ್ನು ಬಾಲಕ ಕೇಳಿದ. ಕೆಲವು ವರ್ಷಗಳ ಬಳಿಕ ತಂಗಿ ನವೋಮಿಯೊಡನೆ ಮನೆಯಂಗಳದಲ್ಲಿ ಗಿನಿಯಿಲಿಗಳನ್ನು ಸಾಕಿ, ಬಣ್ಣ ಯಾವ ಮರಿಗೆ ಬಂತು, ಯಾವುದಕ್ಕೆ ಬರಲಿಲ್ಲ ಎಂದು ಲೆಕ್ಕವಿಡತೊಡಗಿದ. ಈ ನವೋಮಿಯೇ ಮುಂದೆ ನವೋಮಿ ಮಿಚಿಸನ್ ಎಂಬ ಹೆಸರಿನಿಂದ ಪ್ರಸಿದ್ಧ ಕಾದಂಬರಿಗಾರ್ತಿಯಾದವರು. ಇಲಿಗಳಲ್ಲಿ ಎರಡು ಗುಣಗಳು ಒಟ್ಟಿಗೆ ಸಾಗಿಬರುವುದನ್ನು ಕುರಿತ ಅಣ್ಣತಂಗಿಯರ ಪ್ರಬಂಧ ಪ್ರಕಟವಾದದ್ದು 1915ರಲ್ಲಿ. ಅವರೊಡನೆ ದುಡಿದ ಮೂರನೆಯವನಾದ ಸ್ಪ್ರಂಟ್ ಎಂಬ ಗೆಳೆಯ ಅಷ್ಟರಲ್ಲಿ ಯುದ್ಧದಲ್ಲಿ ಮಡಿದಿದ್ದ.

ಯುದ್ಧ, ಗಾಯ, ಭಾರತದ ಮೊದಲ ನೋಟ

ಈಟನ್ ಶಾಲೆಯಿಂದ ಆಕ್ಸ್‌ಫರ್ಡಿನ ನ್ಯೂ ಕಾಲೇಜಿಗೆ ಬಂದ ಹಾಲ್ಡೇನ್ ಮೊದಲು ಗಣಿತದಲ್ಲಿ, ಅನಂತರ 1914ರಲ್ಲಿ ಪ್ರಾಚೀನ ಸಾಹಿತ್ಯದಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದರು. ಅದೇ ವರ್ಷ ಮೊದಲ ಮಹಾಯುದ್ಧ ಆರಂಭವಾಯಿತು. ಬ್ಲ್ಯಾಕ್ ವಾಚ್ ಪಡೆಯ ಅಧಿಕಾರಿಯಾಗಿ ಅವರು ಫ್ರಾನ್ಸಿನ ಕಂದಕಗಳಿಗೆ ಹೋದರು. 1915ರಲ್ಲಿ ಜರ್ಮನರು ಕ್ಲೋರಿನ್ ಅನಿಲವನ್ನು ಬಿಟ್ಟಾಗ ತಂದೆಯೊಡನೆ ಮುಖವಾಡಗಳ ಪರೀಕ್ಷೆಗೆ ಅವರನ್ನು ಕರೆಸಿಕೊಳ್ಳಲಾಯಿತು. ವಿಷಾನಿಲ ತುಂಬಿದ ಕೋಣೆಯಲ್ಲಿ ಮುಖವಾಡ ತೊಟ್ಟೂ ತೊಡದೆಯೂ ಎಷ್ಟು ಹೊತ್ತು ದೇಹ ದುಡಿಯಬಲ್ಲದೆಂದು ತಮ್ಮ ಮೇಲೆಯೇ ಅಳೆದು ನೋಡಿದರು.

ಮುಂದೆ ಮೆಸೊಪೊಟೇಮಿಯದಲ್ಲಿ ಸ್ಫೋಟವೊಂದರಿಂದ ಗಾಯಗೊಂಡ ಅವರನ್ನು ಚೇತರಿಕೆಗೆಂದು ಭಾರತಕ್ಕೆ ಕಳುಹಿಸಲಾಯಿತು. ಈ ನಾಡಿನ ಭಾಷೆಗಳು, ಹೂಗಿಡಗಳು, ಹಕ್ಕಿಗಳು ಅವರ ಮನಸ್ಸನ್ನು ಸೆಳೆದವು. ಆದರೆ ಆಳುವ ಜನಾಂಗದ ಸೈನಿಕನಾಗಿ ಇಲ್ಲಿನವರೊಡನೆ ಸಮಾನವಾಗಿ ಬೆರೆಯಲಾಗದ ಸಂಕಟ ಅವರನ್ನು ಬಾಧಿಸಿತು. ಬ್ರಿಟಿಷರ ಆಳ್ವಿಕೆ ಕೊನೆಗೊಂಡ ಮೇಲೆಯೇ ಈ ನೆಲಕ್ಕೆ ಮರಳಬೇಕೆಂದು ಆಗಲೇ ನಿಶ್ಚಯಿಸಿದರು. ಆ ನಿಶ್ಚಯ ಕೈಗೂಡಲು ನಾಲ್ವತ್ತು ವರ್ಷ ಬೇಕಾಯಿತು.

ಗಣಿತ, ನೊಣ ಮತ್ತು ಚಿಟ್ಟೆ

1919ರಲ್ಲಿ ಹಾಲ್ಡೇನ್ ಆಕ್ಸ್‌ಫರ್ಡಿಗೆ ಮರಳಿದಾಗ ತಳಿವಿಜ್ಞಾನದ ಕೇಂದ್ರ ಅಮೆರಿಕಕ್ಕೆ ಸರಿದಿತ್ತು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಮತ್ತು ಅವರ ಶಿಷ್ಯರು ಹಣ್ಣಿನ ನೊಣವನ್ನು ಸೀಸೆಗಳಲ್ಲಿ ಸಾಕಿ, ವರ್ಣತಂತುವಿನ ಮೇಲೆ ಜೀನುಗಳು ಯಾವ ಸಾಲಿನಲ್ಲಿ ಕುಳಿತಿವೆಯೆಂಬ ನಕ್ಷೆಯನ್ನು ತಯಾರಿಸಿದ್ದರು. ಮಾವಿನ ಕಾಲದಲ್ಲಿ ಕೃಷ್ಣಗಿರಿ, ಧರ್ಮಪುರಿಗಳ ಮಂಡಿಗಳಲ್ಲಿ ಕಳಿತ ಹಣ್ಣಿನ ಸುತ್ತ ಮುತ್ತಿಕೊಳ್ಳುವ ಎಳ್ಳುಕಾಳಿನಷ್ಟು ಗಾತ್ರದ ಕೆಂಗಣ್ಣಿನ ನೊಣಗಳು ಈ ಕುಲದವೇ. ಕೆಲವೇ ದಿನಗಳಲ್ಲಿ ಒಂದು ತಲೆಮಾರು ಮುಗಿದು ಮತ್ತೊಂದು ಹುಟ್ಟುವುದರಿಂದ, ಆನೆಯಲ್ಲೋ ಮನುಷ್ಯನಲ್ಲೋ ಶತಮಾನಗಳು ಹಿಡಿಯುವ ಲೆಕ್ಕವನ್ನು ಈ ನೊಣದಲ್ಲಿ ಒಂದು ವರ್ಷದೊಳಗೆ ಮುಗಿಸಬಹುದು.

ಮಾರ್ಗನ್ನರ ನೊಣಗಳ ಅಂಕಿಗಳನ್ನು ಹಿಡಿದು ಹಾಲ್ಡೇನ್ ಕಾಗದದ ಮೇಲೆಯೇ ಒಂದು ಸೂತ್ರ ಕಂಡುಕೊಂಡರು. ಎರಡು ಜೀನುಗಳು ಎಷ್ಟು ಸಾರಿ ಬೇರೆಯಾಗುತ್ತವೆಂಬ ಎಣಿಕೆಯಿಂದ ಅವುಗಳ ನಡುವಿನ ನಿಜವಾದ ದೂರವನ್ನು ತಿಳಿಯುವ ಸೂತ್ರ ಅದು. ಆ ದೂರದ ಅಳತೆಗೆ ಮಾರ್ಗನ್ನರ ಹೆಸರನ್ನೇ ಇಟ್ಟರು. ಸೆಂಟಿಮಾರ್ಗನ್ ಎಂಬ ಆ ಅಳತೆ ಇಂದಿಗೂ ಬಳಕೆಯಲ್ಲಿದೆ.

1923ರಲ್ಲಿ ಕೇಂಬ್ರಿಜಿಗೆ ಜೀವರಸಾಯನದ ಬೋಧಕರಾಗಿ ಹೋದ ಮೇಲೆ, 1924ರಿಂದ ಹತ್ತು ವರ್ಷಗಳ ಕಾಲ ನಿಸರ್ಗದ ಆಯ್ಕೆಯನ್ನು ಗಣಿತದಲ್ಲಿ ನಿರೂಪಿಸುವ ಪ್ರಬಂಧಮಾಲೆಯನ್ನು ಬರೆದರು. ಡಾರ್ವಿನ್ನನ ವಿಚಾರ ಸರಿ ಎಂದು ಒಪ್ಪಿದವರಿಗೂ ಆಯ್ಕೆ ಎಷ್ಟು ವೇಗವಾಗಿ ಕೆಲಸ ಮಾಡುತ್ತದೆಂಬುದು ತಿಳಿದಿರಲಿಲ್ಲ. ಇಂಗ್ಲೆಂಡಿನ ಕಾರ್ಖಾನೆಯ ಊರುಗಳಲ್ಲಿ ಹೊಗೆ ಹಿಡಿದು ಕಪ್ಪಾದ ಮರಗಳ ಮೇಲೆ ಕೂರುವ ಪತಂಗದ ಉದಾಹರಣೆಯನ್ನು ಹಾಲ್ಡೇನ್ ಆರಿಸಿಕೊಂಡರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಪರೂಪವಾಗಿದ್ದ ಕಪ್ಪು ಬಗೆ ಐವತ್ತು ವರ್ಷಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ಹೆಚ್ಚುಕಡಿಮೆ ಸರ್ವವ್ಯಾಪಿಯಾಗಿತ್ತು. ಇದಾಗಬೇಕಾದರೆ ಬಿಳಿಯ ಬಗೆಗಿಂತ ಕಪ್ಪು ಬಗೆ ಸುಮಾರು ಒಂದೂವರೆಯಷ್ಟು ಸಂತಾನವನ್ನು ಉಳಿಸಿಹೋಗುತ್ತಿರಬೇಕೆಂದು ಅವರು ಲೆಕ್ಕ ಹಾಕಿದರು. ಅಷ್ಟು ಬಲವಾದ ಆಯ್ಕೆಯನ್ನು ಆಗ ಯಾರೂ ನಂಬಲಿಲ್ಲ. ಮೂವತ್ತು ವರ್ಷಗಳ ಬಳಿಕ ಕಾಡಿನಲ್ಲಿ ನಡೆದ ಅಳತೆಗಳು ಆಯ್ಕೆಯ ಆ ಬಲವನ್ನು ಎತ್ತಿಹಿಡಿದವು. 1932ರಲ್ಲಿ ವಿಕಾಸದ ಕಾರಣಗಳನ್ನು ಕುರಿತ ಅವರ ಗ್ರಂಥ ಹೊರಬಂತು. ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆಯಿತು.

ತಂದೆಯಿಂದ ಬಂದ ದೇಹದ ಪ್ರಯೋಗವನ್ನೂ ಅವರು ಕೈಬಿಡಲಿಲ್ಲ. ರಕ್ತದ ಆಮ್ಲೀಯತೆ ಹೆಚ್ಚಿದರೆ ಏನಾಗುತ್ತದೆಂದು ತಿಳಿಯಲು ಅಮೋನಿಯಂ ಕ್ಲೋರೈಡನ್ನು ನೀರಿನಲ್ಲಿ ಕಲಸಿ ಕುಡಿದರು. ಕೆಲವು ಮೆಟ್ಟಿಲು ಹತ್ತಿದರೂ ಏದುಸಿರು ಬರುವ ಸ್ಥಿತಿಯಲ್ಲಿ ದಿನಗಳನ್ನು ಕಳೆದರು. ಆ ಪ್ರಯೋಗದ ಫಲವಾಗಿ ಸೆಟೆಬೇನೆಯಿಂದ ನರಳುವ ಕೂಸುಗಳಿಗೆ ಒಂದು ಚಿಕಿತ್ಸೆ ದೊರೆಯಿತು. 1939ರ ಜೂನಿನಲ್ಲಿ ಥೀಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತಾಗ, ಅವರು ಸತ್ತದ್ದು ಹೇಗೆಂದು ತಿಳಿಯಲು ಉಕ್ಕಿನ ಪೆಟ್ಟಿಗೆಯೊಳಗೆ ಕುಳಿತು ತಾವೇ ಆ ಗಾಳಿಯನ್ನು ಉಸಿರಾಡಿದರು. ಮುಂದಿನ ವರ್ಷಗಳ ಇಂಥ ಪರೀಕ್ಷೆಗಳಲ್ಲಿ ಒಮ್ಮೆ ಸೆಳವು ಬಂದು ಬೆನ್ನುಮೂಳೆಗೆ ಪೆಟ್ಟಾಯಿತು. ಆ ನೋವು ಜೀವಮಾನವಿಡೀ ಉಳಿಯಿತು.

ನೊಣದ ನೃತ್ಯ

1933ರಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಹಾಲ್ಡೇನ್ ಪ್ರಾಧ್ಯಾಪಕರಾದರು. ಅಲ್ಲಿ ಅವರ ಬಳಗ ಅಮೆರಿಕದ ನೊಣಕ್ಕೆ ಬದಲಾಗಿ ಯೂರೋಪಿನ ಕಾಡುಗಳಲ್ಲಿ ಸಿಗುವ ಡ್ರೊಸೊಫಿಲಾ ಸಬಾಬ್‌ಸ್ಕ್ಯೂರಾ ಎಂಬ ಜಾತಿಯನ್ನು ಕೈಗೆತ್ತಿಕೊಂಡಿತು. ಮುಂದೆ 1945ರಲ್ಲಿ ಅವರ ಎರಡನೆಯ ಪತ್ನಿಯಾದ ಹೆಲೆನ್ ಸ್ಪರ್ವೇ ಈ ಕೆಲಸದ ಮುಂಚೂಣಿಯಲ್ಲಿದ್ದರು. ಯುದ್ಧಕಾಲದಲ್ಲಿ ವಿಮಾನಗಳ ಎಂಜಿನಿಯರಾಗಿದ್ದ ಜಾನ್ ಮೇನಾರ್ಡ್ ಸ್ಮಿತ್ ಎಂಬ ತರುಣ, ಹಾಲ್ಡೇನರ ಬರಹಗಳನ್ನು ಓದಿದ ಸ್ಫೂರ್ತಿಯಿಂದ ಉದ್ಯೋಗ ಬಿಟ್ಟು ಅವರ ಶಿಷ್ಯನಾಗಿ ಬಂದ. ಆ ಬಳಗದಲ್ಲಿ ಅವನು ನಡೆಸಿ 1956ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ, ದೇಹಶಕ್ತಿಯ ಆನುವಂಶಿಕತೆಯನ್ನು ನೊಣದಲ್ಲಿ ಕಂಡ ಮೊದಮೊದಲ ಕೆಲಸಗಳಲ್ಲೊಂದು.

ಈ ಜಾತಿಯ ನೊಣ ಕತ್ತಲೆಯಲ್ಲಿ ಕೂಡುವುದಿಲ್ಲ. ಗಂಡು ಹೆಣ್ಣಿನ ಎದುರಿಗೆ ಬಂದು ನಿಂತೊಡನೆ ಹೆಣ್ಣು ಬಲಕ್ಕೂ ಎಡಕ್ಕೂ ಸರಸರನೆ ಸರಿದಾಡುತ್ತದೆ. ಗಂಡು ಅವಳ ಮುಖಕ್ಕೆ ಮುಖ ಕೊಟ್ಟು, ಅವಳು ಸರಿದತ್ತ ತಾನೂ ಸರಿಯಬೇಕು. ಹೆಜ್ಜೆ ತಪ್ಪದೆ ನಡೆದ ಗಂಡನ್ನು ಹೆಣ್ಣು ಒಪ್ಪಿಕೊಳ್ಳುತ್ತದೆ. ಹಿಂದೆ ಬಿದ್ದವನನ್ನು ಬಿಟ್ಟು ಹೋಗುತ್ತದೆ. ಮೇನಾರ್ಡ್ ಸ್ಮಿತ್ ಎರಡು ಬಗೆಯ ಗಂಡುಗಳನ್ನು ಹೋಲಿಸಿದ. ಒಂದು, ಹಲವು ತಲೆಮಾರುಗಳ ಕಾಲ ಒಡಹುಟ್ಟಿದವುಗಳನ್ನೇ ಕೂಡಿಸಿ ಬೆಳೆಸಿದ ಒಳತಳಿಯ ಗಂಡು. ಇನ್ನೊಂದು, ಬೇರೆ ಬೇರೆ ತಳಿಗಳ ಬೆರಕೆಯಿಂದ ಹುಟ್ಟಿದ ಗಂಡು. ಒಳತಳಿಯ ಗಂಡುಗಳಿಗೆ ಆಸೆಯ ಕೊರತೆಯೇನೂ ಇರಲಿಲ್ಲ, ಬಿಡದೆ ಬೆನ್ನುಹತ್ತುತ್ತಿದ್ದವು. ಆದರೆ ಹೆಣ್ಣಿನ ವೇಗಕ್ಕೆ ಹೆಜ್ಜೆ ಹಾಕುವ ಚುರುಕು ಅವುಗಳ ಕಾಲಿನಲ್ಲಿರಲಿಲ್ಲ. ಹೇಗೋ ಕೂಡಿದರೂ ಅಂಥವುಗಳಿಂದ ಹೆಣ್ಣು ಪಡೆಯುವ ಮರಿಗಳ ಸಂಖ್ಯೆ ತೀರ ಕಡಿಮೆಯಾಗಿತ್ತು. ಹೆಣ್ಣಿನ ನೃತ್ಯವೆಂಬುದು ಗಂಡಿನ ದೇಹಸಾಮರ್ಥ್ಯಕ್ಕೆ ಒಡ್ಡಿದ ಪರೀಕ್ಷೆ. ಆ ಪರೀಕ್ಷೆಯಲ್ಲಿ ಗೆದ್ದವನೇ ಸಂತಾನಕ್ಕೂ ಯೋಗ್ಯ ಎಂಬ ನಿರ್ಣಯಕ್ಕೆ ಆ ಅಧ್ಯಯನ ಬಂತು.

ಇದರ ಹಿಂದಿನ ಕಾರಣವನ್ನು ಹಾಲ್ಡೇನರ ಗಣಿತ ಮೊದಲೇ ಬಿಡಿಸಿಟ್ಟಿತ್ತು. ನೊಣ, ಮನುಷ್ಯರಂಥ ಜೀವಿಗಳಲ್ಲಿ ಬಹುತೇಕ ಜೀನುಗಳ ಎರಡೆರಡು ಪ್ರತಿಗಳಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದರಲ್ಲಿ ದೋಷವಿದ್ದರೆ ಸಾಮಾನ್ಯವಾಗಿ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ. ತಂದೆತಾಯಿ ಒಂದೇ ಮೂಲದವರಾದರೆ ಎರಡೂ ಕಡೆಯಿಂದ ಅದೇ ದೋಷದ ಪ್ರತಿ ಬಂದು ಸೇರುವ ಸಂಭವ ಹೆಚ್ಚುತ್ತದೆ. ಓಟ, ಹಾರಾಟ, ಸ್ನಾಯುವಿನ ಶಕ್ತಿ, ಹೃದಯದ ಬಡಿತ ಇವೆಲ್ಲ ನೂರಾರು ಜೀನುಗಳು ಒಟ್ಟಾಗಿ ದುಡಿಯುವುದರಿಂದ ಆಗುವ ಕೆಲಸ. ಆದ್ದರಿಂದ ಅಡಗಿದ್ದ ದೋಷಗಳು ಹೊರಬಿದ್ದೊಡನೆ ಮೊದಲು ಸೊರಗುವುದು ದೇಹದ ಹುರುಪೇ.

ಇದನ್ನೇ ಮತ್ತೊಂದು ಮಗ್ಗುಲಿನಿಂದ ಧರ್ಮಪುರಿ, ಹೊಸೂರು ಸೀಮೆಯ ರೇಷ್ಮೆ ಬೆಳೆಗಾರರು ಬಲ್ಲರು. ಹಿಪ್ಪುನೇರಳೆ ತೋಟದವರು ಚಾಕಿ ಕಟ್ಟುವುದು ಮಿಶ್ರತಳಿಯ ಹುಳುವನ್ನು. ಎರಡು ಶುದ್ಧ ತಳಿಗಳ ಬೆರಕೆಯಿಂದ ಬಂದ ಆ ಹುಳು ಚೆನ್ನಾಗಿ ಮೇಯುತ್ತದೆ, ರೋಗವನ್ನು ತಾಳುತ್ತದೆ, ಗಟ್ಟಿಯಾದ ಗೂಡು ಕಟ್ಟುತ್ತದೆ. ಆದರೆ ಅದೇ ಗೂಡಿನ ಚಿಟ್ಟೆಗಳನ್ನು ಮನೆಯಲ್ಲೇ ಕೂಡಿಸಿ ಮೊಟ್ಟೆ ಮಾಡಿಕೊಂಡರೆ ಮುಂದಿನ ಬೆಳೆಯಲ್ಲಿ ಆ ಕಸುವು ಉಳಿಯುವುದಿಲ್ಲ. ಅದಕ್ಕೇ ಪ್ರತಿ ಬೆಳೆಗೂ ಬಿತ್ತನೆ ಕೇಂದ್ರದಿಂದ ಹೊಸ ಮೊಟ್ಟೆ ತರುವುದು.

ಒಂದು ಕಳಂಕ

ಹಾಲ್ಡೇನರ ಬದುಕನ್ನು ಬರಿಯ ಹೊಗಳಿಕೆಯಲ್ಲಿ ಮುಗಿಸುವಂತಿಲ್ಲ. 1930ರ ದಶಕದಲ್ಲಿ ಅವರು ಮಾರ್ಕ್ಸ್‌ವಾದದತ್ತ ವಾಲಿ, 1942ರಲ್ಲಿ ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು. ಪಕ್ಷದ ದಿನಪತ್ರಿಕೆಯಲ್ಲಿ ಕಾರ್ಮಿಕರಿಗಾಗಿ ಮುನ್ನೂರಕ್ಕೂ ಹೆಚ್ಚು ವಿಜ್ಞಾನ ಲೇಖನಗಳನ್ನು ಬರೆದರು. ಆ ಕಾಲದಲ್ಲೇ ಸೋವಿಯತ್ ದೇಶದಲ್ಲಿ ಲೈಸೆಂಕೊ ಎಂಬಾತ ಸ್ಟಾಲಿನ್ನನ ಬೆಂಬಲದಿಂದ ಮೆಂಡೆಲನ ವಿಜ್ಞಾನವನ್ನೇ ಸುಳ್ಳೆಂದು ಸಾರಿದ. 1928ರಲ್ಲಿ ಹಾಲ್ಡೇನರನ್ನು ಆ ದೇಶಕ್ಕೆ ಆಹ್ವಾನಿಸಿದ್ದ ಮಹಾ ಸಸ್ಯವಿಜ್ಞಾನಿ ವಾವಿಲೋವ್ ಸೆರೆಮನೆಗೆ ಬಿದ್ದು 1943ರಲ್ಲಿ ಅಲ್ಲಿಯೇ ತೀರಿಕೊಂಡರು. 1948ರಲ್ಲಿ ತಳಿವಿಜ್ಞಾನದ ಬೋಧನೆಯೇ ಅಲ್ಲಿ ನಿಷಿದ್ಧವಾಯಿತು. ಪ್ರಯೋಗಶಾಲೆಗಳ ನೊಣಗಳನ್ನೂ ನಾಶಪಡಿಸಲಾಯಿತು.

ಲೈಸೆಂಕೊನ ವಾದ ನಿಲ್ಲದೆಂಬುದನ್ನು ಹಾಲ್ಡೇನರಿಗಿಂತ ಚೆನ್ನಾಗಿ ಬಲ್ಲವರು ವಿರಳ. ಆದರೂ ಪಕ್ಷನಿಷ್ಠೆಯಿಂದ ಅವರು ಬಹಿರಂಗವಾಗಿ ಸ್ಪಷ್ಟ ಖಂಡನೆ ಮಾಡಲಿಲ್ಲ, ತೂಗಿತೂಗಿ ಮಾತಾಡಿದರು. ತಮ್ಮ ದೇಹವನ್ನು ಎಷ್ಟು ಅಪಾಯಕ್ಕಾದರೂ ಒಡ್ಡಬಲ್ಲ ಧೀರ, ತಮ್ಮ ನಿಷ್ಠೆಯನ್ನು ಪರೀಕ್ಷೆಗೆ ಒಡ್ಡಲು ಹಿಂಜರಿದರು. ಸದ್ದಿಲ್ಲದೆ 1950ರ ಹೊತ್ತಿಗೆ ಪಕ್ಷದಿಂದ ದೂರವಾದರೂ, ಮಾತಾಡಬೇಕಾದ ಹೊತ್ತು ಆಗ ಕಳೆದುಹೋಗಿತ್ತು.

ಇದೇ ವರ್ಷಗಳಲ್ಲಿ ಅವರ ಮತ್ತೊಂದು ದೊಡ್ಡ ವಿಚಾರವೂ ಹೊರಬಂತೆಂಬುದನ್ನು ಮರೆಯಬಾರದು. ಮೆಡಿಟರೇನಿಯನ್ ತೀರದಲ್ಲಿ ತಲಸೀಮಿಯವೆಂಬ ರಕ್ತದ ರೋಗ ಅಷ್ಟು ಹೆಚ್ಚಾಗಿರುವುದೇಕೆ? ದೋಷದ ಒಂದೇ ಪ್ರತಿ ಹೊತ್ತವರು ಮಲೇರಿಯವನ್ನು ತಾಳಿಕೊಳ್ಳುವುದರಿಂದ ಆ ಜೀನು ಉಳಿದುಬಂದಿರಬೇಕೆಂದು 1948-49ರಲ್ಲಿ ಹಾಲ್ಡೇನ್ ಸೂಚಿಸಿದರು. ಕುಡುಗೋಲು ಕಣದ ರೋಗದ ವಿಷಯದಲ್ಲಿ ಈ ಊಹೆ 1954ರಲ್ಲಿ ಆಫ್ರಿಕದಿಂದ ಪುಷ್ಟಿ ಪಡೆಯಿತು. ದೋಷವೆಂದು ಕರೆಯುವುದೇ ಒಂದು ಪರಿಸರದಲ್ಲಿ ರಕ್ಷೆಯಾಗಬಹುದೆಂಬ ಈ ವಿವೇಕ ಅವರ ತಳಿವಿಜ್ಞಾನದ ತಿರುಳು.

ಭಾರತದಲ್ಲಿ

1957ರಲ್ಲಿ, ಸೂಯೆಜ್ ಕಾಲುವೆಯ ಮೇಲೆ ಬ್ರಿಟನ್ ನಡೆಸಿದ ದಾಳಿಯನ್ನು ಪ್ರತಿಭಟಿಸಿ, ಹಾಲ್ಡೇನ್ ದಂಪತಿಗಳು ಭಾರತಕ್ಕೆ ಬಂದು ನೆಲೆಸಿದರು. ಮಹಲನೋಬಿಸರ ಆಹ್ವಾನದಂತೆ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. ಧೋತರ, ಜುಬ್ಬ ಉಟ್ಟರು; ಮಾಂಸಾಹಾರ ತೊರೆದರು; ಭಾರತದ ಪೌರತ್ವ ಪಡೆದರು. ಮಹಲನೋಬಿಸರೊಡನೆ ಮನಸ್ತಾಪ ಬಂದು 1961ರಲ್ಲಿ ಆ ಸಂಸ್ಥೆಯನ್ನು ಬಿಟ್ಟರು. ಮರುವರ್ಷ ಒಡಿಶಾ ಸರ್ಕಾರದ ನೆರವಿನಿಂದ ಭುವನೇಶ್ವರದಲ್ಲಿ ತಳಿವಿಜ್ಞಾನ ಮತ್ತು ಜೀವಮಾಪನ ಪ್ರಯೋಗಾಲಯವನ್ನು ಆರಂಭಿಸಿದರು.

ಬಡದೇಶದ ವಿಜ್ಞಾನಿ ದುಬಾರಿ ಯಂತ್ರಗಳಿಗಾಗಿ ಕಾಯುತ್ತ ಕೂರಬೇಕಾಗಿಲ್ಲವೆಂಬುದು ಅವರ ದೃಢವಾದ ನಂಬಿಕೆ. ಕಣ್ಣು, ಎಣಿಕೆ, ತಾಳ್ಮೆ ಇದ್ದರೆ ಸಾಕು. ಅವರ ಪ್ರೋತ್ಸಾಹದಿಂದ ಒಬ್ಬರು ತೆಂಗಿನ ಗರಿಗಳು ಎಡಕ್ಕೆ ಸುತ್ತುತ್ತವೆಯೋ ಬಲಕ್ಕೋ ಎಂದು ಎಣಿಸಿದರು. ಇನ್ನೊಬ್ಬರು ಟಿಟ್ಟಿಭ ಹಕ್ಕಿಯ ಗೂಡನ್ನು ದಿನವಿಡೀ ಕಾದರು. ಮತ್ತೊಬ್ಬರು ಲಂಟಾನದ ಯಾವ ಬಣ್ಣದ ಹೂವಿಗೆ ಯಾವ ಚಿಟ್ಟೆ ಬರುತ್ತದೆಂದು ಗುರುತಿಸಿದರು. ಇವೆಲ್ಲ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟವಾದ ಸಂಶೋಧನೆಗಳು.

ಸೋದರ ಸಂಬಂಧದ ಲೆಕ್ಕ

ದಕ್ಷಿಣ ಭಾರತದ ಮದುವೆಯ ಪದ್ಧತಿ ಹಾಲ್ಡೇನರ ಗಮನವನ್ನು ವಿಶೇಷವಾಗಿ ಸೆಳೆಯಿತು. ಲಂಡನ್ನಿನಲ್ಲಿ ನೊಣಗಳಲ್ಲಿ ಕಂಡ ಪ್ರಶ್ನೆ ಇಲ್ಲಿ ಮನುಷ್ಯರ ನಡುವೆಯೇ ಎದುರಾಗಿತ್ತು. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು, ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾಗುವುದು ಇಲ್ಲಿ ಬರಿಯ ರೂಢಿಯಲ್ಲ, ಹಕ್ಕು. ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳಾದರೋ ಒಡಹುಟ್ಟಿದವರಿಗೆ ಸಮ. ಅಲ್ಲಿ ಮದುವೆಯ ಮಾತೇ ಇಲ್ಲ. ಸೇಲಂ, ಧರ್ಮಪುರಿ ಸೀಮೆಯಲ್ಲಿ ಕನ್ನಡ, ತಮಿಳು, ತೆಲುಗು ಎಂಬ ಭೇದವಿಲ್ಲದೆ ಹಲವು ಮನೆಗಳಲ್ಲಿ ಈ ರೂಢಿ ನಡೆದುಬಂದಿದೆ. ಹೊಸೂರು ಸೀಮೆ 1965ರವರೆಗೆ ಸೇಲಂ ಜಿಲ್ಲೆಯಲ್ಲಿ, 2004ರವರೆಗೆ ಧರ್ಮಪುರಿ ಜಿಲ್ಲೆಯಲ್ಲಿ, ಈಗ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಗಡಿಗಳು ಮತ್ತೆ ಮತ್ತೆ ಬದಲಾದರೂ ಈ ನೆಂಟಸ್ತಿಕೆಯ ಬಲೆ ಬದಲಾಗಲಿಲ್ಲ. ಹೊಲ ಹಂಚಿಹೋಗದಿರಲಿ, ಮಗಳು ಗುರುತಿನ ಮನೆಯಲ್ಲಿರಲಿ, ಮುಪ್ಪಿನಲ್ಲಿ ಅತ್ತೆಯನ್ನು ಸೊಸೆ ತನ್ನವಳೆಂದು ನೋಡಲಿ ಎಂಬ ಲೆಕ್ಕಾಚಾರ ಇದರ ಹಿಂದಿದೆ.

ತಳಿವಿಜ್ಞಾನದ ಲೆಕ್ಕ ಬೇರೆ. ಸೋದರಮಾವನಿಗೂ ಸೊಸೆಗೂ ಹುಟ್ಟಿದ ಮಗುವಿನಲ್ಲಿ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಿಕನಿಂದ ಬಂದಿರುವ ಸಂಭವ ಎಂಟರಲ್ಲೊಂದು. ಅತ್ತೆಯ ಮಕ್ಕಳು, ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದು ಹದಿನಾರರಲ್ಲೊಂದು. ತಲೆಮಾರು ತಲೆಮಾರಿಗೆ ಇಂಥ ಮದುವೆಗಳು ಮರುಕಳಿಸಿದರೆ ಸಂಭವ ಇನ್ನಷ್ಟು ಏರುತ್ತದೆ. ಪ್ರಯೋಗಶಾಲೆಯಲ್ಲಿ ಒಡಹುಟ್ಟಿದ ನೊಣಗಳನ್ನು ಕೂಡಿಸಿದರೆ ಮೊದಲ ತಲೆಮಾರಿನಲ್ಲೇ ಅದು ನಾಲ್ಕರಲ್ಲೊಂದು. ಇಪ್ಪತ್ತು ತಲೆಮಾರು ಹಾಗೆಯೇ ಮುಂದುವರಿಸಿದರೆ ನೂರಕ್ಕೆ ತೊಂಬತ್ತೆಂಟನ್ನು ಮೀರುತ್ತದೆ. ಆದುದರಿಂದ ಹೆಜ್ಜೆ ತಪ್ಪಿದ ನೊಣದ ಕಥೆಯನ್ನು ಹಾಗೆಯೇ ಮನುಷ್ಯರ ಮೇಲೆ ಹೇರುವುದು ಸಲ್ಲದು. ಆದರೆ ತತ್ತ್ವ ಒಂದೇ; ಪ್ರಮಾಣ ಮಾತ್ರ ಬೇರೆ.

ಈ ಪದ್ಧತಿಯನ್ನು ಹೀಗಳೆಯುವ ಮೊದಲು ಮನೆಮನೆಯ ಲೆಕ್ಕ ಬೇಕೆಂಬುದು ಹಾಲ್ಡೇನರ ನಿಲುವಿಗೆ ಒಪ್ಪುವ ಮಾರ್ಗವಾಗಿತ್ತು. ಅವರ ಶಿಷ್ಯ ದ್ರೋಣಂರಾಜು, ಮೀರಾ ಖಾನ್ ಅವರೊಡನೆ ಆಂಧ್ರದಲ್ಲಿ ಇಂಥ ಮದುವೆಗಳ ಪ್ರಮಾಣವನ್ನೂ ಪರಿಣಾಮವನ್ನೂ ಅಧ್ಯಯನ ಮಾಡಿದರು. ಸಾವಿರಾರು ವರ್ಷ ಸೋದರ ಸಂಬಂಧ ನಡೆಸಿದ ಸಮುದಾಯಗಳಲ್ಲಿ ಕೆಟ್ಟ ಜೀನುಗಳು ಮೆಲ್ಲಮೆಲ್ಲನೆ ಸೋಸಿಹೋಗಿರಬಹುದೆಂದು 1966ರಲ್ಲಿ ಸಂಘ್ವಿ ವಾದಿಸಿದರು. ವೆಲ್ಲೂರಿನ ಸಂಶೋಧಕರು ಉತ್ತರ ಆರ್ಕಾಟಿನಲ್ಲಿ ನಡೆಸಿದ ವಿಸ್ತಾರವಾದ ಸಮೀಕ್ಷೆಯಲ್ಲಿ ದೊಡ್ಡ ಹಾನಿ ಕಾಣಲಿಲ್ಲ. ಆದರೆ 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆ ನಡೆದಾಗ, ಸರಿಸುಮಾರು ಮೂರರಲ್ಲೊಂದು ಮದುವೆ ಸಂಬಂಧಿಗಳ ನಡುವಿನದೆಂದು ತಿಳಿಯಿತು. ಕೆಲವು ಅಪರೂಪದ ಜನ್ಮಜಾತ ರೋಗಗಳು ಅಂಥ ಮನೆಗಳ ಮಕ್ಕಳಲ್ಲೇ ಹೆಚ್ಚೆಂದೂ ಗೊತ್ತಾಯಿತು. ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ. ಆದರೆ ಒಂದು ಮನೆತನದಲ್ಲಿ ಈಗಾಗಲೇ ಒಂದು ಮಗು ಕಿವುಡಾಗಿಯೋ ಸ್ನಾಯುದೌರ್ಬಲ್ಯದಿಂದಲೋ ನರಳಿದ್ದರೆ, ಅದೇ ಮನೆತನದೊಳಗೆ ಮತ್ತೆ ಮದುವೆ ಮಾಡುವ ಮುನ್ನ ವೈದ್ಯರನ್ನು ಕೇಳುವುದು ವಿವೇಕ. ಇದು ಹಣೆಬರಹದ ಮಾತಲ್ಲ, ಎಣಿಕೆಯ ಮಾತು.

ಕೊನೆಯ ದಿನಗಳು

1963ರ ಕೊನೆಯಲ್ಲಿ ಹಾಲ್ಡೇನರಿಗೆ ಗುದನಾಳದ ಕ್ಯಾನ್ಸರ್ ಇರುವುದು ತಿಳಿಯಿತು. ಲಂಡನ್ನಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ತಮ್ಮ ರೋಗವನ್ನೇ ವಸ್ತುವಾಗಿಟ್ಟುಕೊಂಡು ಹಾಸ್ಯದ ಪದ್ಯವೊಂದನ್ನು ಬರೆದು ಪ್ರಕಟಿಸಿದರು. ರೋಗವನ್ನು ಮುಚ್ಚಿಡದೆ ಬೇಗ ವೈದ್ಯರಲ್ಲಿಗೆ ಹೋಗಲು ಜನರಿಗೆ ಧೈರ್ಯ ಬರಲೆಂಬುದು ಅದರ ಉದ್ದೇಶ. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು. ಜೀವಮಾನವೆಲ್ಲ ಪ್ರಯೋಗಕ್ಕೆ ಒಡ್ಡಿದ ದೇಹ ಕೊನೆಗೂ ಪಾಠದ ಮೇಜನ್ನೇ ಸೇರಿತು.

ಅಂದು ನೊಣದ ಹೆಜ್ಜೆಯಲ್ಲಿ ಕಂಡ ಪ್ರಶ್ನೆ ಈಗ ವಿಸ್ತಾರವಾಗಿ ಬೆಳೆದಿದೆ. ಕೊಳವೆಯ ತಳಕ್ಕೆ ತಟ್ಟಿದರೆ ನೊಣಗಳು ಮೇಲಕ್ಕೇರುತ್ತವೆ. ಈ ಸಹಜಗುಣವನ್ನು ಬಳಸಿ ಅವುಗಳಿಗೆ ದಿನವೂ ವ್ಯಾಯಾಮ ಮಾಡಿಸುವ ಯಂತ್ರಗಳು ಬಂದಿವೆ. ಒಂದೇ ಬಗೆಯ ವ್ಯಾಯಾಮದಿಂದ ಒಂದು ತಳಿಯ ನೊಣ ಬಲಗೊಂಡರೆ ಇನ್ನೊಂದು ತಳಿಯದು ಅಷ್ಟು ಬಲಗೊಳ್ಳುವುದಿಲ್ಲವೆಂದು ಆ ಪ್ರಯೋಗಗಳು ತೋರಿಸಿವೆ. ಮೈಸೂರಿನ ಮಾನಸಗಂಗೋತ್ರ‍ಿಯಲ್ಲಿ ಡ್ರೊಸೊಫಿಲಾ ತಳಿಗಳ ಸಂಗ್ರಹ ಕೇಂದ್ರವಿದೆ. ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿ ನೊಣದ ಹಾರುವ ಸ್ನಾಯುಗಳ ಮೇಲೆ ಸಂಶೋಧನೆ ನಡೆದಿದೆ.

ಹಾಲ್ಡೇನರ ಗದ್ಯವೂ ಅವರ ಗಣಿತದಷ್ಟೇ ನೆನಪಿಡತಕ್ಕದ್ದು. ಓದುಗನಿಗೆ ತಿಳಿದ ವಸ್ತುವಿನಿಂದ ಆರಂಭಿಸಿ, ಒಂದೊಂದೇ ಮೆಟ್ಟಿಲು ಹತ್ತಿಸಿ, ತಿಳಿಯದ ತತ್ತ್ವಕ್ಕೆ ಅವನನ್ನು ತಲುಪಿಸುವುದು ಅವರ ಕ್ರಮ. ಗ್ರೀಕ್, ಲ್ಯಾಟಿನ್ ಓದಿನಿಂದ ಬಂದ ವಾಕ್ಯಶುದ್ಧಿ ಅದಕ್ಕೆ ಬೆನ್ನೆಲುಬಾಗಿತ್ತು. ಕನ್ನಡದಲ್ಲಿ ಶಿವರಾಮ ಕಾರಂತರೂ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸುತ್ತ ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿಯವರೂ ಇದೇ ದಾರಿಯನ್ನು ತಮ್ಮದೇ ರೀತಿಯಲ್ಲಿ ತುಳಿದರು. ಅಕ್ಕನ ಮಗಳ ಮದುವೆಯ ಲೆಕ್ಕವನ್ನು ಹೊಸೂರಿನ, ಧರ್ಮಪುರಿಯ ಹಿರಿಯರಿಗೆ ಅವರಾಡುವ ಕನ್ನಡದಲ್ಲೇ, ಅವರ ಮನ ನೋಯಿಸದೆ, ಸತ್ಯವನ್ನೂ ಬಿಟ್ಟುಕೊಡದೆ ತಿಳಿಸಿಹೇಳುವ ಕೆಲಸ ಇನ್ನೂ ಉಳಿದಿದೆ. ಅದು ವಿಜ್ಞಾನದ ವಿದ್ಯಾರ್ಥಿಗಳಿಗೆ ಸೇರಿದಷ್ಟೇ ಭಾಷೆಯ ವಿದ್ಯಾರ್ಥಿಗಳಿಗೂ ಸೇರಿದ್ದು.